ಒಂದು ರೇಡಿಯೊ ಕಳೆದು ಎರಡು ರೇಡಿಯೊ ಕೊಂಡ ಕತೆ

ನಮ್ಮ ಚೀಲದಲ್ಲಿ ಈಗ ಯಾವಾಗಲೂ ಒಂದು ರೇಡಿಯೊ ಇರುತ್ತದೆ. ಊರೂರು ತಿರುಗುವಾಗ ನೋಟ್‌ಬುಕ್, ನೀರಿನ ಬಾಟಲಿ, ಪವರ್ ಬ್ಯಾಂಕ್ ಜೊತೆಗೆ ಅದೂ ಬರುತ್ತದೆ. ನೋಡಿದವರು ನಗುತ್ತಾರೆ. "ಫೋನಲ್ಲೇ ಎಲ್ಲ ಬರುತ್ತಲ್ಲ, ಇದ್ಯಾಕೆ ಹೊತ್ಕೊಂಡು ತಿರುಗ್ತೀರಿ?" ಅನ್ನುತ್ತಾರೆ. ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇವೆ. ಪ್ರಯಾಣಕ್ಕೆ ಒಂದು ಚಿಕ್ಕ ಶಾರ್ಟ್‌ವೇವ್ ರೇಡಿಯೊ ಕೊಳ್ಳಬೇಕು ಅನ್ನುವವರಿಗೆ ಉಪಯೋಗವೂ ಆದೀತು. ಆದರೆ ಈ ಕತೆಯಲ್ಲಿ ನಮ್ಮದೊಂದು ತಪ್ಪಿದೆ. ಅದನ್ನು ಮೊದಲೇ ಹೇಳಿಬಿಡುತ್ತೇವೆ. ಒಬ್ಬ ಅಜ್ಜನ ರೇಡಿಯೊವನ್ನು ನಾವು ಕಳೆದೆವು.

2019ರ ಆಗಸ್ಟ್. ಉತ್ತರ ಕರ್ನಾಟಕದ ಹೊಳೆಗಳೆಲ್ಲ ಒಟ್ಟಿಗೇ ಉಕ್ಕಿದ ತಿಂಗಳು. ನಾವು ನಾಲ್ವರು, ಒಂದೇ ಬ್ಯಾಚಿನವರು, ಪತ್ರಿಕೋದ್ಯಮ ಓದಿ ಹೊರಬಂದು ಒಂದು ವರ್ಷವಾಗಿತ್ತು. ಪ್ರವಾಹದ ಬಗ್ಗೆ ಬರೆಯಬೇಕು ಅಂತ ಎರಡು ಬೈಕಿನಲ್ಲಿ ರಾಮದುರ್ಗ ತಾಲ್ಲೂಕಿನ ಕಡೆ ಹೋದೆವು. ಮಲಪ್ರಭೆಯ ದಂಡೆಯ ಒಂದು ಹಳ್ಳಿ. ಮಳೆ ಜೋರಾಗಿ ಮುಂದೆ ಹೋಗಲು ಆಗಲಿಲ್ಲ. ಊರವರು ನಮ್ಮನ್ನು ಒಬ್ಬ ಅಜ್ಜನ ಮನೆಗೆ ಕಳಿಸಿದರು. ಮಿಲಿಟರಿಯಲ್ಲಿದ್ದು ನಿವೃತ್ತರಾದವರು. ಊರಿನವರ ಬಾಯಲ್ಲಿ ಅವರು ಸುಬೇದಾರ್ ಅಜ್ಜ.

ಮಣ್ಣಿನ ಗೋಡೆಯ ಹಳೇ ಮನೆ. ಆಯಿ ಬಿಸಿ ರೊಟ್ಟಿ ಹಾಕಿದರು. ಅಜ್ಜನ ಪಕ್ಕದ ಗೂಡಿನಲ್ಲಿ ಚರ್ಮದ ಕವಚದ ಒಂದು ರೇಡಿಯೊ. ಮೂರು ಬ್ಯಾಂಡಿನದು. ನೌಕರಿಯಲ್ಲಿದ್ದಾಗ ಕೊಂಡಿದ್ದಂತೆ. ಅದರ ಗಾಜಿನ ಮೇಲೆ ಎರಡು ಟಿಕಳಿ ಅಂಟಿಸಿದ್ದರು. ಒಂದು ಕೆಂಪು, ಒಂದು ಕರಿ. ಕೆಂಪು ಟಿಕಳಿಗೆ ಮುಳ್ಳು ಬಂದರೆ ಧಾರವಾಡ. ಕರಿ ಟಿಕಳಿಗೆ ಬಂದರೆ ಸಂಜೆಯ ಬಿಬಿಸಿ ಹಿಂದಿ. ಅಜ್ಜನ ಕಣ್ಣು ಮಂಜಾದ ಮೇಲೆ ಆಯಿಯೇ ಅಂಟಿಸಿಕೊಟ್ಟಿದ್ದು.

ಆ ರಾತ್ರಿ ಹನ್ನೊಂದರ ಹೊತ್ತಿಗೆ ಕರೆಂಟ್ ಹೋಯಿತು. ಸ್ವಲ್ಪ ಹೊತ್ತಿಗೆ ನಾಲ್ಕೂ ಫೋನಿನಲ್ಲಿ ನೆಟ್‌ವರ್ಕ್ ಹೋಯಿತು. ಟವರಿಗೂ ಕರೆಂಟ್ ಬೇಕು. ಬ್ಯಾಟರಿ, ಡೀಸೆಲ್ ಇರುವಷ್ಟು ಹೊತ್ತು ಮಾತ್ರ ಅದರ ಆಟ. ಇದು ನಮಗೆ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಕತ್ತಲಲ್ಲಿ ಕೂತು ಸತ್ತ ಫೋನ್ ನೋಡುವುದು ಬೇರೆ.

ಬೆಳಗಿನ ಜಾವ ಯಾರೋ ಓಣಿಯಲ್ಲಿ ಕೂಗಿಕೊಂಡು ಹೋದರು. "ಡ್ಯಾಮ್ ಒಡದೈತಂತ! ಓಡ್ರೋ!" ಐದು ನಿಮಿಷದಲ್ಲಿ ಊರು ಎದ್ದಿತು. ಮಕ್ಕಳ ಅಳು, ಎಮ್ಮೆ ಬಿಚ್ಚುವ ಗದ್ದಲ. ಕೆಲವರು ಟ್ರ್ಯಾಕ್ಟರ್ ಚಾಲೂ ಮಾಡಿ ಹಳ್ಳದ ಸೇತುವೆ ಕಡೆಗೆ ಹೊರಟರು. ಊರಿಂದ ಹೊರಗೆ ಹೋಗುವ ದಾರಿ ಅದೊಂದೇ. ನಮ್ಮನ್ನು ಪೇಪರಿನವರು ಅಂತ ತಿಳಿದ ನಾಲ್ಕಾರು ಮಂದಿ ಅಜ್ಜನ ಕಟ್ಟೆಗೆ ಬಂದು, "ಏನ್ ಸುದ್ದಿ ಐತ್ರಿ? ಖರೇ ಏನು?" ಅಂತ ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ. ಸುದ್ದಿ ಮಾಡಲು ಬಂದವರಿಗೇ ಸುದ್ದಿ ಇಲ್ಲ.

ಅಜ್ಜ ಹೊರಗೆ ಬಂದರು. ಕೈಯಲ್ಲಿ ರೇಡಿಯೊ.

"ಗಾಬರಿ ಆಗಬ್ಯಾಡ್ರಿ ತಮ್ಮಾ. ಕತ್ತಲದಾಗ ಸೇತುವಿ ಮ್ಯಾಲೆ ಹೋಗೂದು ಬ್ಯಾಡ. ಟೇಶನ್ ಚಾಲೂ ಆಗೂದಕ್ಕ ಇನ್ನ ಸ್ವಲ್ಪ ಹೊತ್ತೈತಿ. ಡ್ಯಾಮ್ ಒಡದಿದ್ರ ರೇಡಿಯೋದಾಗ ಹೇಳ್ದs ಇರೂದಿಲ್ಲ. ಅಲ್ಲೀತನಕ ದನಾ ಬಿಚಕೊಂಡು ಸಾಲಿ ದಿನ್ನಿಗೆ ನಡೀರಿ."

ಮುಳ್ಳು ಕೆಂಪು ಟಿಕಳಿಯ ಮೇಲೆ ನಿಂತಿತ್ತು. ಬರೀ ಸರಸರ ಸದ್ದು. ಆಮೇಲೆ ಆಕಾಶವಾಣಿಯ ಆ ಹಳೇ ರಾಗ ಶುರುವಾಯಿತು. ಎಷ್ಟೋ ವರ್ಷದಿಂದ ನಾವು ಅದನ್ನು ಕಿವಿಗೊಟ್ಟು ಕೇಳಿರಲಿಲ್ಲ. ಕಟ್ಟೆಯ ಮೇಲಿದ್ದವರೆಲ್ಲ ಸುಮ್ಮನಾದರು. ಬೆಳಗಿನ ವಾರ್ತೆಯಲ್ಲಿ ಬಂತು: ಅಣೆಕಟ್ಟಿನಿಂದ ಹೊಳೆಗೆ ಬಿಡುವ ನೀರು ಹೆಚ್ಚಾಗಿದೆ, ದಂಡೆಯ ಊರುಗಳ ಜನ ಎತ್ತರದ ಜಾಗಕ್ಕೆ ಹೋಗಬೇಕು. ಒಡೆದ ಮಾತು ಎಲ್ಲೂ ಇಲ್ಲ. ಬೆಳಕು ಹರಿದ ಮೇಲೆ ನೋಡಿದರೆ ಹಳ್ಳದ ಸೇತುವೆಯ ಮೇಲೆ ಎದೆಮಟ್ಟದ ನೀರು. ಟ್ರ್ಯಾಕ್ಟರಿನವರು ಅರ್ಧ ದಾರಿಗೆ ಹೋಗಿ ಹೆದರಿ ವಾಪಸ್ ಬಂದಿದ್ದರು. ಅಂಜಿಕೆಯೇ ಅವರನ್ನು ಉಳಿಸಿತು.

ಊರೆಲ್ಲ ದಿನ್ನೆಯ ಮೇಲಿನ ಶಾಲೆಯಲ್ಲಿ ಸೇರಿತು. ಅಜ್ಜ ರೇಡಿಯೊ ನಮ್ಮ ಕೈಗೆ ಕೊಟ್ಟರು. "ನೀವು ಕೇಳಿ ಕೇಳಿ ಮಂದಿಗೆ ಹೇಳ್ರಿ. ಅದs ಅಲ್ಲೇನು ನಿಮ್ಮ ಕೆಲಸ?" ಅಂದರು. ಅವತ್ತು ಇಡೀ ದಿನ ನಾವು ಮಾಡಿದ್ದು ಅದನ್ನೇ. ವಾರ್ತೆ ಬಂದಾಗ ಬರೆದುಕೊಳ್ಳುವುದು, ಶಾಲೆಯ ಕರಿಹಲಗೆ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಸಾಲು ಹಾಕುವುದು. ಅದಕ್ಕಿಂತ ಹೆಚ್ಚು ಜನ ಓದಿದ ಬರಹವನ್ನು ನಾವು ಇವತ್ತಿಗೂ ಬರೆದಿಲ್ಲ.

ಮಧ್ಯಾಹ್ನ ಮಳೆ ಬಿಟ್ಟಿತು. ಅಜ್ಜನ ಮನೆಯಿಂದ ಜೋಳದ ಚೀಲ ತರಲು ನಾವೇ ಇಳಿದೆವು. ರೇಡಿಯೊ ಹೆಗಲಲ್ಲೇ ಇತ್ತು. ಚೀಲ ಎತ್ತುವಾಗ ಅಡ್ಡ ಬಂತು ಅಂತ ಗೂಡಿನಲ್ಲಿ ಇಟ್ಟೆವು. ನೀರು ಮನೆಯ ಹೊಸ್ತಿಲಿಗೆ ಬಂದಿತ್ತು. ಗಡಿಬಿಡಿಯಲ್ಲಿ ಚೀಲ ಹೊತ್ತು ಹೊರಟೆವು. ದಿನ್ನೆ ಹತ್ತಿದ ಮೇಲೆ ನೆನಪಾಯಿತು. ವಾಪಸ್ ಇಳಿಯಲು ಊರವರು ಬಿಡಲಿಲ್ಲ. ರಾತ್ರಿ ಹೊಳೆ ಇನ್ನಷ್ಟು ಏರಿತು. ಮರುದಿನ ದಿನ್ನೆಯ ಮೇಲಿಂದ ನೋಡಿದರೆ ಅಜ್ಜನ ಮನೆಯ ಆ ಗೋಡೆ ಇರಲಿಲ್ಲ.

ಅಜ್ಜ ಬೈಯಲಿಲ್ಲ. "ಹೋಗ್ಲಿ ಬಿಡ್ರಿ, ಜೋಳ ಬಂತಲ್ಲ" ಅಂದರು. ಸಂಜೆ ಏಳೂವರೆಗೆ ಮಾತ್ರ ಅವರ ಕೈ ತಾನಾಗಿಯೇ ಪಕ್ಕಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಅದನ್ನು ನಾವು ನಾಲ್ವರೂ ನೋಡಿದೆವು. ಯಾರೂ ಮಾತಾಡಲಿಲ್ಲ.

ಅಜ್ಜನಿಗೆ ಆ ಸಂಜೆಯ ಬಿಬಿಸಿ ಯಾಕೆ ಅಷ್ಟು ಮುಖ್ಯ ಅಂತ ಆಮೇಲೆ ಕೇಳಿದ್ದೆವು. ಅವರು 1984ರ ಮಾತು ಹೇಳಿದರು. ಇಂದಿರಾ ಗಾಂಧಿಯವರಿಗೆ ಗುಂಡು ಹೊಡೆದ ದಿನ ಅವರು ಗಡಿಯ ಹತ್ತಿರ ಡ್ಯೂಟಿಯಲ್ಲಿದ್ದರು. ನಮ್ಮ ಆಕಾಶವಾಣಿ ಸಾವಿನ ಸುದ್ದಿ ಹೇಳಿದ್ದು ಸಂಜೆಗೆ. ಬಿಬಿಸಿ ಅದಕ್ಕಿಂತ ಎಷ್ಟೋ ಮೊದಲು ಹೇಳಿತ್ತು. ಪಶ್ಚಿಮ ಬಂಗಾಳದ ಪ್ರವಾಸದಲ್ಲಿದ್ದ ರಾಜೀವ್ ಗಾಂಧಿಯವರೂ ದಾರಿಯಲ್ಲಿ ಟ್ರಾನ್ಸಿಸ್ಟರಿನಲ್ಲಿ ಬಿಬಿಸಿ ಕೇಳಿದರು ಅಂತ ಬರೆದವರಿದ್ದಾರೆ. "ಒಂದs ಟೇಶನ್ ಕೇಳಬಾರದು ತಮ್ಮಾ. ಎರಡು ಕೇಳಿ ಆಮ್ಯಾಲೆ ನಂಬಬೇಕು" ಅಂದರು ಅಜ್ಜ. ಮೂರು ವರ್ಷ ಕಾಲೇಜಿನಲ್ಲಿ ಕಲಿತದ್ದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದರು.

ಡಿಸೆಂಬರ್ ಹೊತ್ತಿಗೆ ನಾಲ್ವರೂ ಸೇರಿ ದುಡ್ಡು ಕೂಡಿಸಿದೆವು. ಎರಡು ರೇಡಿಯೊ ಕೊಳ್ಳುವುದು. ಒಂದು ಅಜ್ಜನಿಗೆ, ಒಂದು ನಮ್ಮ ತಿರುಗಾಟಕ್ಕೆ. ಜನವರಿಯಲ್ಲಿ ಜೊಯಿಡಾ ಕಾಡಿನ ಕಡೆಗೆ ಹೋಗಬೇಕಿತ್ತು. ಅಲ್ಲಿ ಕುಣಬಿ ಜನ ಬೆಳೆಯುವ ಗೆಡ್ಡೆ ಗೆಣಸಿನ ಬಗ್ಗೆ ಬರೆಯಲು. ಅಲ್ಲಿನ ಎಷ್ಟೋ ಮಜಿರೆಗಳಲ್ಲಿ ನೆಟ್‌ವರ್ಕ್ ಇಲ್ಲ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಹೆಸರಾದ ಬೀದಿ. ಮೊದಲ ಅಂಗಡಿಯಲ್ಲಿ ರೇಡಿಯೊ ಅಂದ ಕೂಡಲೇ ಬಣ್ಣದ ಲೈಟ್ ಹೊಳೆಯುವ ಸ್ಪೀಕರ್ ತೆಗೆದು ಇಟ್ಟರು. ಪೆನ್‌ಡ್ರೈವ್ ಹಾಕಬಹುದು, ಬ್ಲೂಟೂತ್ ಇದೆ, ಟಾರ್ಚ್ ಇದೆ. ಮೈಮೇಲೆ ಎಂಟು ಬ್ಯಾಂಡ್ ಅಂತ ಬರೆದಿತ್ತು. ಶಾರ್ಟ್‌ವೇವ್ ಹಾಕಿದರೆ ಮುಳ್ಳನ್ನು ಎಲ್ಲಿಟ್ಟರೂ ಒಂದೇ ಎಫ್ಎಂ ಹಾಡು ಕೇಳಿಸುತ್ತಿತ್ತು. ಬ್ಯಾಂಡಿನ ಸಂಖ್ಯೆ ನೋಡಿ ರೇಡಿಯೊ ಕೊಳ್ಳಬಾರದು ಅನ್ನುವ ಮೊದಲ ಪಾಠ ಅಲ್ಲೇ ಆಯಿತು.

ಇಲ್ಲಿ ಸ್ವಲ್ಪ ಬ್ಯಾಂಡಿನ ವಿಚಾರ ಹೇಳಬೇಕು. ಎಫ್ಎಂ ಅಲೆ ಹೆಚ್ಚುಕಡಿಮೆ ನೇರ ದಾರಿಯಲ್ಲಿ ಹೋಗುತ್ತದೆ. ನಡುವೆ ಗುಡ್ಡ ಬಂದರೆ ಮುಗಿಯಿತು. ಮೀಡಿಯಂ ವೇವ್ ಹಗಲಿನಲ್ಲಿ ನೆಲ ಹಿಡಿದು ಸಾಗುತ್ತದೆ, ದೊಡ್ಡ ಕೇಂದ್ರವಾದರೆ ಜಿಲ್ಲೆಗಳನ್ನು ದಾಟಿ ಬರುತ್ತದೆ. ಶಾರ್ಟ್‌ವೇವ್ ಮೇಲಕ್ಕೆ ಹೋಗಿ, ಆಕಾಶದಲ್ಲಿ ನೂರಾರು ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಗೋಳ ಅನ್ನುವ ಪದರಕ್ಕೆ ತಾಗಿ ಬಾಗಿ ಕೆಳಗೆ ಬರುತ್ತದೆ. ಹಾಗಾಗಿ ಸಾವಿರಾರು ಕಿಲೋಮೀಟರ್ ಆಚೆಯ ಕೇಂದ್ರವೂ ಹೊಲದ ಬದುವಿನಲ್ಲಿ ಕೇಳಿಸುತ್ತದೆ. ನಡುವೆ ಟವರ್ ಬೇಡ, ಕೇಬಲ್ ಬೇಡ, ರೀಚಾರ್ಜ್ ಬೇಡ.

ಆ ಪದರ ಬಿಸಿಲಿನ ಕೂಸು. ಹಗಲಿಗೊಂದು ರೀತಿ, ರಾತ್ರಿಗೊಂದು ರೀತಿ. ಹಗಲಲ್ಲಿ ದೂರದ ಕೇಂದ್ರಗಳು 15, 17 ಮೆಗಾಹರ್ಟ್ಸ್ ಸುತ್ತ ಚೆನ್ನಾಗಿ ಬರುತ್ತವೆ. ಹಳೇ ರೇಡಿಯೊದ ಗಾಜಿನ ಮೇಲೆ ಅದನ್ನು 19 ಮೀಟರ್, 16 ಮೀಟರ್ ಅಂತ ಬರೆದಿರುತ್ತದೆ. ಕತ್ತಲಾದ ಮೇಲೆ 6, 7, 9 ಮೆಗಾಹರ್ಟ್ಸ್‌ಗೆ ಇಳಿಯಬೇಕು. ಅವು 49, 41, 31 ಮೀಟರ್ ಬ್ಯಾಂಡುಗಳು. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್ ಸಿಗುತ್ತದೆ. ಲೆಕ್ಕ ಅಷ್ಟೇ.

ಎರಡನೇ ಅಂಗಡಿಯವರು ವಯಸ್ಸಾದವರು. ಅವರು ನಮ್ಮನ್ನು ಕೂರಿಸಿಕೊಂಡು ಮೊದಲು ಕೇಳಿದ್ದು, "ಏನ್ ಕೇಳಕ್ಕೆ ಬೇಕು?" ಅಂತ. ಹಾಗೆ ಕೇಳಿದವರು ಅವರೊಬ್ಬರೇ. ನಾವು ಅಂದೆವು: ಕಾಡಿನಲ್ಲಿ ಕನ್ನಡ ವಾರ್ತೆ ಬೇಕು, ಹೊರಗಿನ ಸುದ್ದಿಯೂ ಬೇಕು.

"ಕನ್ನಡ ಬೇಕಂದ್ರೆ ಶಾರ್ಟ್‌ವೇವ್ ನಂಬ್ಕೋಬೇಡಿ. ಅದರಲ್ಲಿ ಕನ್ನಡ ಸಿಗೋದೇ ಅಪರೂಪ. ಮೀಡಿಯಂ ವೇವ್ ಗಟ್ಟಿಯಾಗಿರೋದು ತಗೊಳ್ಳಿ. ಶಾರ್ಟ್‌ವೇವ್ ಹೊರಗಿನ ಸುದ್ದಿಗೆ" ಅಂದರು.

ನಮಗೆ ಆಶ್ಚರ್ಯವಾಯಿತು. ಆದರೆ ಅವರು ಹೇಳಿದ್ದು ನಿಜ. ಅಂದು ಅಜ್ಜನ ಕಟ್ಟೆಯ ಮೇಲೆ ನಮ್ಮ ಕೈ ಹಿಡಿದದ್ದು ಶಾರ್ಟ್‌ವೇವ್ ಅಲ್ಲ, ಧಾರವಾಡದ ಮೀಡಿಯಂ ವೇವ್, 765 ಕಿಲೋಹರ್ಟ್ಸ್. ಶಾರ್ಟ್‌ವೇವ್ ಅನ್ನುವ ಹೆಸರಿನ ಹಿಂದೆ ಬಿದ್ದು ಆ ಮಾತನ್ನೇ ಮರೆತಿದ್ದೆವು. ಪ್ರಯಾಣಕ್ಕೆ ರೇಡಿಯೊ ಕೊಳ್ಳುವವರು ಮೂರೂ ಬ್ಯಾಂಡ್ ಕೇಳಿ ನೋಡಬೇಕು. ಒಂದು ಚೆನ್ನಾಗಿದ್ದು ಇನ್ನೊಂದು ಕೆಟ್ಟದಾಗಿರುವ ರೇಡಿಯೊಗಳು ಬಹಳ.

ಅವರು ನಾಲ್ಕೈದು ರೇಡಿಯೊ ತೋರಿಸಿದರು. ದೊಡ್ಡ ಹೆಸರಿನದ್ದು ಅಂದರೆ ಸೋನಿಯ ಐಸಿಎಫ್-ಎಸ್‌ಡಬ್ಲ್ಯು7600ಜಿಆರ್. ಎಷ್ಟೋ ವರದಿಗಾರರು ಜಗತ್ತು ಸುತ್ತುವಾಗ ಇಟ್ಟುಕೊಂಡಿದ್ದ ರೇಡಿಯೊ ಅದು. ಈಗ ತಯಾರಾಗುವುದಿಲ್ಲ, ಹಳೆಯದು ಸಿಕ್ಕರೆ ಉಂಟು. ಈಗ ಹೆಚ್ಚಾಗಿ ಸಿಗುವುದು ಚೀನಾದ ಟೆಕ್‌ಸನ್ ಕಂಪನಿಯವು. ಪಿಎಲ್-310ಇಟಿ ಅನ್ನುವುದು ಮೂರು ಪೆನ್ ಸೆಲ್ಲಿನದು, ಅಂಗೈಗಿಂತ ಸ್ವಲ್ಪ ದೊಡ್ಡದು. ಪಿಎಲ್-660 ನಾಲ್ಕು ಪೆನ್ ಸೆಲ್ಲಿನದು, ಅದಕ್ಕಿಂತ ದೊಡ್ಡದು, ಅದರಲ್ಲಿ ಎಸ್ಎಸ್‌ಬಿ ಅನ್ನುವ ಸೌಲಭ್ಯವಿದೆ. ಎಸ್ಎಸ್‌ಬಿ ಇದ್ದರೆ ಹ್ಯಾಮ್ ರೇಡಿಯೊದವರು ಮಾತಾಡಿಕೊಳ್ಳುವುದು ಅರ್ಥವಾಗುವಂತೆ ಕೇಳುತ್ತದೆ. ಇಲ್ಲದಿದ್ದರೆ ಅದು ಬಾತುಕೋಳಿ ಕೂಗಿದ ಹಾಗೆ. ಬರೀ ವಾರ್ತೆ, ಹಾಡು ಕೇಳುವವರಿಗೆ ಅದು ಬೇಕಿಲ್ಲ. ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ.

ಆ ಯಜಮಾನರು ಹೇಳಿಕೊಟ್ಟದ್ದು, ನಾವು ಆಮೇಲೆ ತಿರುಗಾಡಿ ಕಲಿತದ್ದು ಎರಡನ್ನೂ ಸೇರಿಸಿ ಬರೆಯುತ್ತೇವೆ.

ಸೆಲ್ ಯಾವುದು ನೋಡಿ. ಪೆನ್ ಸೆಲ್ ಹಾಕುವ ರೇಡಿಯೊ ಆದರೆ ಯಾವ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸೆಲ್ ಸಿಗುತ್ತದೆ. ಒಳಗೇ ಚಾರ್ಜಿಂಗ್ ಬ್ಯಾಟರಿ ಇರುವ ರೇಡಿಯೊ ಹಗುರ, ಆದರೆ ಕರೆಂಟ್ ಇಲ್ಲದ ನಾಲ್ಕನೇ ದಿನ ಅದೂ ಫೋನಿನ ಹಾಗೆಯೇ. ನಾವು ಬೇಕು ಅಂದದ್ದು ಫೋನ್ ಸತ್ತಾಗ ಬದುಕಿರುವ ವಸ್ತು. ಬಹಳ ದಿನ ಬಳಸದಿದ್ದರೆ ಸೆಲ್ ತೆಗೆದಿಡಿ. ಒಳಗೇ ಸೋರಿ ತಂತಿಗೆ ತುಕ್ಕು ಹಿಡಿದರೆ ಒಳ್ಳೇ ರೇಡಿಯೊ ಕೂಡ ಹಾಳು.

ಡಿಜಿಟಲ್ ರೇಡಿಯೊ ಆದರೆ ಮೀಡಿಯಂ ವೇವ್ ಎಷ್ಟೆಷ್ಟು ಹೆಜ್ಜೆ ಹಾಕುತ್ತದೆ ನೋಡಿ. ನಮ್ಮ ದೇಶದಲ್ಲಿ ಕೇಂದ್ರಗಳು 9 ಕಿಲೋಹರ್ಟ್ಸ್ ಅಂತರದಲ್ಲಿ ಕೂತಿವೆ. ಅಮೆರಿಕದಲ್ಲಿ 10. ಅಲ್ಲಿಯ ಸೆಟ್ಟಿಂಗಿನಲ್ಲಿ ಬಿಟ್ಟರೆ ಹುಡುಕುವಾಗ 760ರಿಂದ 770ಕ್ಕೆ ಹಾರುತ್ತದೆ, 765ರ ಧಾರವಾಡ ನಡುವೆ ಬಿದ್ದುಹೋಗುತ್ತದೆ. ಬೆಂಗಳೂರಿನ 612, ಭದ್ರಾವತಿಯ 675ರ ಕತೆಯೂ ಅದೇ. ರೇಡಿಯೊ ಕೆಟ್ಟಿದೆ ಅಂತ ವಾಪಸ್ ಕೊಡುವ ಮೊದಲು ಸೆಟ್ಟಿಂಗಿನಲ್ಲಿ 9 ಮಾಡಿ ನೋಡಿ.

ಅಂಗಡಿಯ ಒಳಗೆ ರೇಡಿಯೊ ಪರೀಕ್ಷೆ ಮಾಡಬೇಡಿ. ಎಲ್ಇಡಿ ಬಲ್ಬು, ಮೊಬೈಲ್ ಚಾರ್ಜರು, ಟಿವಿ ಎಲ್ಲವೂ ಗರ್ ಅನ್ನುವ ಸದ್ದು ಹುಟ್ಟಿಸುತ್ತವೆ. ಸೆಲ್ ಹಾಕಿಕೊಂಡು ಮಾಳಿಗೆ ಮೇಲೆ ಅಥವಾ ಬಯಲಿಗೆ ಹೋಗಿ. ಮನೆಯಲ್ಲಿ ಏನೂ ಕೇಳದ ರೇಡಿಯೊ ಹೊಲದಲ್ಲಿ ಹತ್ತು ದೇಶ ಹಿಡಿಯುತ್ತದೆ.

ಉದ್ದ ಮಾಡುವ ಏರಿಯಲ್ ಕಡ್ಡಿ ಎಫ್ಎಂಗೆ ಮತ್ತು ಶಾರ್ಟ್‌ವೇವ್‌ಗೆ ಮಾತ್ರ. ಮೀಡಿಯಂ ವೇವಿನ ಏರಿಯಲ್ ಒಳಗೇ ಇರುತ್ತದೆ. ಅದು ಸರಿಯಾಗಿ ಕೇಳದಿದ್ದರೆ ಕಡ್ಡಿ ಎಳೆದು ಪ್ರಯೋಜನವಿಲ್ಲ, ಇಡೀ ರೇಡಿಯೊವನ್ನೇ ನಿಧಾನ ತಿರುಗಿಸಿ. ಒಂದು ದಿಕ್ಕಿಗೆ ದನಿ ಏರುತ್ತದೆ. ಶಾರ್ಟ್‌ವೇವ್‌ಗೆ ಐದಾರು ಮೀಟರ್ ತೆಳು ವಯರು ಚೀಲದಲ್ಲಿಟ್ಟುಕೊಳ್ಳಿ. ಒಂದು ತುದಿ ಕಡ್ಡಿಗೆ ಸಿಕ್ಕಿಸಿ ಇನ್ನೊಂದನ್ನು ಮರದ ಕೊಂಬೆಗೆ ಎಸೆದರೆ ಸಾಕು. ಬಹಳ ಉದ್ದ ಬೇಡ, ಚಿಕ್ಕ ರೇಡಿಯೊ ತಡೆಯುವುದಿಲ್ಲ. ಗುಡುಗು ಮಿಂಚು ಶುರುವಾದರೆ ಮೊದಲು ಅದನ್ನು ಬಿಚ್ಚಿ.

ಗುಂಡಿ ಬಿಗಿಯುವ ಲಾಕ್ ಇದೆಯೇ ನೋಡಿ. ಇಲ್ಲದಿದ್ದರೆ ಚೀಲದೊಳಗೆ ತಾನೇ ಚಾಲೂ ಆಗಿ ಸೆಲ್ ಮುಗಿದಿರುತ್ತದೆ. ಹೆಡ್‌ಫೋನ್ ತೂತು ಇರಲಿ. ಬಸ್ಸಿನಲ್ಲಿ, ಬೇರೆಯವರ ಮನೆಯಲ್ಲಿ ಮಲಗಿದಾಗ ಬೇಕಾಗುತ್ತದೆ. ವಿಮಾನದಲ್ಲಿ ಹೋಗುವವರು ಒಳಗೆ ರೇಡಿಯೊ ಹಚ್ಚಬಾರದು. ಹೊರದೇಶದ ಕೇಂದ್ರಗಳ ವೇಳೆ, ತರಂಗಾಂತರ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಬದಲಾಗುತ್ತವೆ. ಅವರ ಪಟ್ಟಿಯಲ್ಲಿ ಬರೆದಿರುವ ವೇಳೆಗೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಗಡಿಯಾರದ ವೇಳೆ.

ಇಷ್ಟೆಲ್ಲ ತಿಳಿದುಕೊಂಡು, ಪೆನ್ ಸೆಲ್ಲಿನ ಒಂದೇ ಥರದ ಎರಡು ಡಿಜಿಟಲ್ ರೇಡಿಯೊ ಕೊಂಡೆವು. ನಮಗೆ ಒಳ್ಳೆಯದಾದದ್ದು ಅಜ್ಜನಿಗೂ ಒಳ್ಳೆಯದು ಅಂದುಕೊಂಡೆವು. ಎರಡನೇ ತಪ್ಪು ಅದು.

ಸಂಕ್ರಾಂತಿಗೆ ಅಜ್ಜನ ಊರಿಗೆ ಹೋದೆವು. ಹೊಸ ಗೋಡೆ ಎದ್ದಿತ್ತು, ಅರ್ಧ ಮನೆಗೆ ತಗಡು. ಆಯಿ ಎಳ್ಳು ಬೆಲ್ಲ ಕೊಟ್ಟರು. ನಾವು ಡಬ್ಬಿ ತೆಗೆದು ಅಜ್ಜನ ತೊಡೆಯ ಮೇಲೆ ಇಟ್ಟೆವು. ಅವರು ರೇಡಿಯೊವನ್ನು ಬೆರಳಿನಿಂದ ತಡವಿದರು. ಮುಂದೆ ಸಾಲಾಗಿ ಸಣ್ಣ ಸಣ್ಣ ಗುಂಡಿ. ಒಂದು ಒತ್ತಿದರೆ ಕೀಂ ಅಂತು. ಇನ್ನೊಂದು ಒತ್ತಿದರೆ ಗಡಿಯಾರ ಬಂತು. ನಾವು ಕಲಿಸಲು ನೋಡಿದೆವು: ಇದನ್ನು ಒತ್ತಿ, ಆಮೇಲೆ ಸಂಖ್ಯೆ, ಆಮೇಲೆ ಅದು. ಅಜ್ಜ ಹತ್ತು ನಿಮಿಷ ಮನಸ್ಸಿಟ್ಟು ಕಲಿತರು. ಆಮೇಲೆ ಮೆಲ್ಲಗೆ ಅಂದರು:

"ಛಲೋ ಐತಿ ತಮ್ಮಾ. ಆದ್ರ ಇದು ಕಣ್ಣಿದ್ದವರ ರೇಡಿಯೋ."

ಅಜ್ಜನಿಗೆ ಬೇಕಿದ್ದದ್ದು ಒಂದು ತಿರುಗಣೆ. ಕೈಗೆ ಸಿಗುವಷ್ಟು ದೊಡ್ಡದು. ಚಾಲೂ ಮಾಡುವಾಗ ಟಕ್ ಅನ್ನುವುದು. ನಿನ್ನೆ ಬಿಟ್ಟಲ್ಲಿಯೇ ಇವತ್ತೂ ನಿಂತಿರುವುದು. ಇಷ್ಟು ಸಣ್ಣ ಮಾತು ನಾವು ಕೇಳಿಯೇ ಇರಲಿಲ್ಲ. ಎಸ್.ಪಿ. ರೋಡಿನ ಯಜಮಾನರು ನಮ್ಮನ್ನು ಕೇಳಿದ್ದರು, ನಾವು ಅಜ್ಜನನ್ನು ಕೇಳಲಿಲ್ಲ. ಪತ್ರಿಕೋದ್ಯಮ ಕಲಿತವರು!

ಮರುದಿನ ನಮ್ಮಲ್ಲಿ ಇಬ್ಬರು ಹುಬ್ಬಳ್ಳಿಗೆ ಹೋಗಿ ದೊಡ್ಡ ಸೆಲ್ಲಿನ, ಮುಳ್ಳು ಓಡುವ, ಮೂರು ಬ್ಯಾಂಡಿನ ಸಾದಾ ರೇಡಿಯೊ ತಂದರು. ಬೆಲೆ ನಮ್ಮ ಡಿಜಿಟಲ್‌ನ ಕಾಲು ಭಾಗವೂ ಇರಲಿಲ್ಲ. ಅಜ್ಜ ತಿರುಗಣೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ಸಲ ತಿರುಗಿಸಿದರು. ಧಾರವಾಡ ಹತ್ತಿತು. ಆಯಿ ಒಳಗಿಂದ ಟಿಕಳಿಯ ಹಾಳೆ ತಂದು ಕೆಂಪು ಟಿಕಳಿ ಅಂಟಿಸಿದರು. ಸಂಜೆ ಏಳೂವರೆಗೆ ಅಜ್ಜ ಶಾರ್ಟ್‌ವೇವಿಗೆ ಹಾಕಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಸಿದರು. ಬಿಬಿಸಿ ಬಂತು. ಆಯಿ ಕರಿ ಟಿಕಳಿ ಹಚ್ಚಲು ಬಂದಾಗ ಅಜ್ಜ ಬೇಡ ಅಂದರು.

"ಅದು ಈ ತಿಂಗಳಿಗೆ ಮುಗೀತೈತಿ. ಅವರs ಹೇಳ್ಯಾರ."

ನಮಗೆ ಗೊತ್ತಿರಲಿಲ್ಲ. ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ 31ಕ್ಕೆ ನಿಲ್ಲುವುದಿತ್ತು. 1940ರಲ್ಲಿ ಶುರುವಾದದ್ದು. ಮುಂದೆ ಅದೆಲ್ಲ ಇಂಟರ್‌ನೆಟ್ಟಿನಲ್ಲಿ. ಅಜ್ಜನಿಗೆ ಇದನ್ನು ಯಾರು ಹೇಳಿದರು ಅಂದರೆ, ಪಕ್ಕದ ಮನೆಯ ಹುಡುಗನ ರೇಡಿಯೊದಲ್ಲಿ ಸೀಳುದನಿಯಲ್ಲಿ ಕೇಳಿಕೊಂಡಿದ್ದರಂತೆ. ಆಗಸ್ಟ್‌ನಿಂದ ಜನವರಿಯವರೆಗೆ ಐದು ತಿಂಗಳು ಅವರು ಸ್ವಂತ ರೇಡಿಯೊ ಇಲ್ಲದೆ ಇದ್ದರು. ಅವು ಆ ಪ್ರಸಾರದ ಕೊನೆಯ ತಿಂಗಳುಗಳು. ನಾವು ಕಳೆದದ್ದು ಬರೀ ಒಂದು ಪೆಟ್ಟಿಗೆಯಲ್ಲ ಅಂತ ಆಗ ಗೊತ್ತಾಯಿತು.

"ಹಚ್ಚು ಹಚ್ಚು. ಹದಿನೈದು ದಿನಾ ಐತಲ್ಲ" ಅಂತ ಆಯಿ ಗದರಿ ಕರಿ ಟಿಕಳಿಯನ್ನೂ ಅಂಟಿಸಿದರು.

ಜನವರಿ ಕೊನೆಗೆ ನಾವು ಜೊಯಿಡಾದಲ್ಲಿದ್ದೆವು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಒಂದು ಕುಣಬಿ ಮನೆ. ಅಂಗಳದಲ್ಲಿ ಆಳೆತ್ತರದ ಗೆಣಸಿನ ಗೆಡ್ಡೆ ರಾಶಿ. ಫೋನು ನಾಲ್ಕು ದಿನದಿಂದ ಟಾರ್ಚ್ ಆಗಿ ಮಾತ್ರ ಕೆಲಸ ಮಾಡುತ್ತಿತ್ತು. ಎಫ್ಎಂ ಒಂದೂ ಇಲ್ಲ. ಬೆಳಿಗ್ಗೆ ಧಾರವಾಡ ಬರುತ್ತಿತ್ತು. ಮನೆಯವರು ಮಾತಾಡುವುದು ಕೊಂಕಣಿ. ಅವರಿಗಾಗಿ ಪಣಜಿ ಹಿಡಿದು ಕೊಟ್ಟೆವು. ಮನೆಯೊಡತಿ ಬೆಂಕಿಯ ಮುಂದೆ ಕೂತು ಕೊಂಕಣಿ ಹಾಡು ಕೇಳಿ, ನಮ್ಮ ತಟ್ಟೆಗೆ ಇನ್ನೊಂದು ಬೇಯಿಸಿದ ಗೆಣಸು ಹಾಕಿದರು. ರಾತ್ರಿ ಶಾರ್ಟ್‌ವೇವ್ ಹಾಕಿದರೆ ಚೀನಾ ಬಂತು, ಬಿಬಿಸಿಯ ಇಂಗ್ಲಿಷ್ ಬಂತು, ನಮಗೆ ಯಾವ ಭಾಷೆ ಅಂತಲೇ ತಿಳಿಯದ ಎಷ್ಟೋ ದನಿ ಬಂದವು. ಮನೆಯ ಮಕ್ಕಳು ಒಂದೊಂದನ್ನೂ ಅಣಕಿಸಿ ನಕ್ಕರು.

31ರ ಸಂಜೆ ಏಳೂವರೆಗೆ ವಯರನ್ನು ಹಲಸಿನ ಮರಕ್ಕೆ ಎಸೆದು ಕೂತೆವು. ಬಿಬಿಸಿ ಹಿಂದಿ ಬಂತು. ದನಿ ಏರುತ್ತಿತ್ತು, ಇಳಿಯುತ್ತಿತ್ತು, ಶಾರ್ಟ್‌ವೇವಿನ ಗುಣವೇ ಅದು. ನಮ್ಮಲ್ಲಿ ಇಬ್ಬರಿಗೆ ಹಿಂದಿ ಅಷ್ಟಕ್ಕಷ್ಟೇ. ಆದರೂ ನಾಲ್ವರೂ ಕೊನೆಯವರೆಗೆ ಕೇಳಿದೆವು. ಅದೇ ಹೊತ್ತಿಗೆ ಮಲಪ್ರಭೆಯ ದಂಡೆಯಲ್ಲಿ ಅಜ್ಜನೂ ಕೇಳುತ್ತಿದ್ದಾರೆ ಅಂತ ಗೊತ್ತಿತ್ತು. ಮುಗಿದ ಮೇಲೆ ಅದೇ ಜಾಗದಲ್ಲಿ ಸರಸರ ಸದ್ದು ಉಳಿಯಿತು. ಸ್ವಲ್ಪ ಹೊತ್ತು ಅದನ್ನೂ ಹಾಗೇ ಬಿಟ್ಟೆವು.

ಮರುದಿನ ಜೊಯಿಡಾ ಪೇಟೆಗೆ ಬಂದು, ನೆಟ್‌ವರ್ಕ್ ಸಿಕ್ಕ ಕೂಡಲೇ ಫೋನ್ ಮಾಡಿದೆವು.

"ಅಜ್ಜಾರ, ನಿನ್ನೆ ಕೇಳಿದ್ರೇನ್ರಿ?"

"ಕೇಳ್ದೆ. ಛಲೋ ಮಾತಾಡಿದ್ರು."

"ಇನ್ನ ಸಂಜಿಗೆ ಏನ್ ಹಚ್ಚತೀರಿ?"

"ನೋಡಬೇಕು. ಮುಳ್ಳು ತಿರುವಕೋತ ಕುಂದರೂದು. ಯಾವುದರ ಒಂದು ಸಿಗತೈತಿ." ಸ್ವಲ್ಪ ತಡೆದು ಕೇಳಿದರು. "ನಿಮ್ಮದು ಕಾಡಿನ್ಯಾಗ ಧಾರವಾಡ ಹಿಡೀತೇನು?"

"ಹಿಡೀತ್ರಿ ಅಜ್ಜಾರ. ಸ್ವಚ್ಛ ಹಿಡೀತು."

"ಹಂಗಾದ್ರ ಛಲೋ ಆತು. ಎರಡು ಸೆಲ್ಲು ಜಾಸ್ತಿ ಇಟಕೋರಿ ಚೀಲದಾಗ."

ಶಾರ್ಟ್‌ವೇವಿನಲ್ಲಿ ಕೇಂದ್ರಗಳು ಕಡಿಮೆಯಾಗುತ್ತಿರುವುದು ನಿಜ. ನಮ್ಮ ಆಕಾಶವಾಣಿಯೂ ತನ್ನ ಶಾರ್ಟ್‌ವೇವ್ ಪ್ರಸಾರವನ್ನು ಬಹಳ ಕಡಿಮೆ ಮಾಡಿದೆ. ಹಾಗಾಗಿ ಬರೀ ಶಾರ್ಟ್‌ವೇವ್ ನಂಬಿ ದೊಡ್ಡ ದುಡ್ಡು ಹಾಕಿ ಅಂತ ನಾವು ಹೇಳುವುದಿಲ್ಲ. ಮೂರೂ ಬ್ಯಾಂಡ್ ಚೆನ್ನಾಗಿರುವ, ಕಿರಾಣಿ ಅಂಗಡಿಯ ಸೆಲ್ಲಿಗೆ ನಡೆಯುವ, ಬಳಸುವವರ ಕೈಗೆ ಕಣ್ಣಿಗೆ ಹೊಂದುವ ಒಂದು ರೇಡಿಯೊ ಮನೆಯಲ್ಲಿರಲಿ, ಚೀಲದಲ್ಲಿರಲಿ. ಹಿರಿಯರಿಗೆ ಕೊಡಿಸುವುದಾದರೆ ಮೊದಲು ಅವರನ್ನು ಕೇಳಿ.

ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ರೇಡಿಯೊ ಇದ್ದರೆ ಒಮ್ಮೆ ಇಳಿಸಿ, ಸೆಲ್ ಹಾಕಿ ನೋಡಿ. ಏನೂ ಕೇಳದಿದ್ದರೆ ಅಂಗಳಕ್ಕೆ ತನ್ನಿ. ಬೆಳಿಗ್ಗೆ ಆರರ ಹೊತ್ತಿಗೆ ಮೀಡಿಯಂ ವೇವಿಗೆ ಹಾಕಿ ನಿಧಾನ ತಿರುಗಿಸಿ. ಧಾರವಾಡವೋ ಭದ್ರಾವತಿಯೋ ಸಿಕ್ಕರೆ ಗಾಜಿನ ಮೇಲೆ ಒಂದು ಟಿಕಳಿ ಅಂಟಿಸಿ. ಮಳೆಗಾಲದ ಯಾವುದೋ ಒಂದು ರಾತ್ರಿ ಹುಡುಕುವುದು ತಪ್ಪುತ್ತದೆ.